ಇಮ್ಜಿನ್‌ಗಾಕ್: ಒಂದು ಕಡೆ ಜಾಯಿಂಟ್ ವ್ಹೀಲ್, ಇನ್ನೊಂದು ಕಡೆ ಮುಳ್ಳುತಂತಿ

ದಕ್ಷಿಣ ಕೊರಿಯಾದ ಪಾಜುವಿನಲ್ಲಿರುವ ಈ ಪಾರ್ಕಿಗೆ ಹೋಗುವಾಗ ಮನಸ್ಸು ಭಾರ ಆಗುತ್ತೆ ಅಂದುಕೊಂಡಿದ್ದೆ. ಬಸ್ಸಿನಿಂದ ಇಳಿದರೆ ಮೊದಲು ಕಿವಿಗೆ ಬಿದ್ದದ್ದು ಮಕ್ಕಳ ಕೇಕೆ! ಉತ್ತರ-ದಕ್ಷಿಣ ಕೊರಿಯಾಗಳ ಗಡಿರೇಖೆ ಇಲ್ಲಿಂದ ಬರೀ 7 ಕಿ.ಮೀ., ಇಲ್ಲಿ ನೋಡಿದರೆ ಆಟದ ಪಾರ್ಕು. ವಿಚಿತ್ರ ಅಲ್ವಾ?

ಕೊರಿಯಾ ಯುದ್ಧದಿಂದಾಗಿ ಉತ್ತರ ಕೊರಿಯಾದ ತಮ್ಮ ಊರುಗಳಿಗೆ ವಾಪಸ್ ಹೋಗಲಾಗದೆ ಉಳಿದವರಿಗಾಗಿ 1972ರಲ್ಲಿ ಇದನ್ನು ಕಟ್ಟಿದರು. ಹಬ್ಬದ ದಿನ ಅವರು ಮಂಗ್‌ಬೇದಾನ್ ಎಂಬ ಕಟ್ಟೆಯ ಮುಂದೆ ನಿಂತು ಉತ್ತರಕ್ಕೆ ಮುಖ ಮಾಡಿ ಹಿರಿಯರಿಗೆ ನಮಸ್ಕರಿಸುತ್ತಾರೆ. 1953ರಲ್ಲಿ 12,773 ಯುದ್ಧಕೈದಿಗಳು ಬಿಡುಗಡೆಯಾಗಿ ದಾಟಿ ಬಂದ ಸ್ವಾತಂತ್ರ್ಯ ಸೇತುವೆ ಅದರ ಹಿಂದೆಯೇ ಇದೆ. ಸೇತುವೆಯ ಕೊನೆಗೆ ಬೇಲಿ, ಬೇಲಿ ತುಂಬಾ ಹಾರೈಕೆ ಬರೆದು ಕಟ್ಟಿದ ಬಣ್ಣದ ರಿಬ್ಬನ್ನು, ಕೆಲವು ಬಿಸಿಲಿಗೆ ಅಕ್ಷರ ಅಳಿಸಿ ಬೆಳ್ಳಗಾಗಿವೆ.

ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ತುಕ್ಕು ಹಿಡಿದ ಉಗಿಬಂಡಿ ಎಂಜಿನ್. ಮೈಮೇಲೆ ಸಾವಿರಕ್ಕೂ ಹೆಚ್ಚು ಗುಂಡಿನ ತೂತು, ಕೆಲವಂತೂ ಹೆಬ್ಬೆರಳು ತೂರುವಷ್ಟು. ಅದು ಪಾಳುಬಿದ್ದಿದ್ದಾಗ ಮೇಲೆ ಒಂದು ಹಿಪ್ಪುನೇರಳೆ ಗಿಡ ಬೆಳೆದಿತ್ತಂತೆ, ಅದನ್ನೂ ತಂದು ಪಕ್ಕದಲ್ಲೇ ನೆಟ್ಟಿದ್ದಾರೆ.

ಇಮ್ಜಿನ್ ನದಿ ದಾಟಿಸುವ ಗೊಂಡೊಲಾ (ಕೇಬಲ್ ಕಾರು) ಚೆನ್ನಾಗಿದೆ, ಹತ್ತಿ ನೋಡಿ.

ನಾನು ಮಾಡಿದ ತಪ್ಪು ಕೇಳಿ: ಪಾಸ್‌ಪೋರ್ಟನ್ನು ರೂಮಿನಲ್ಲೇ ಬಿಟ್ಟು ಹೋಗಿದ್ದೆ. ಉತ್ತರ ಕೊರಿಯಾ ಗಡಿಯಡಿ ಕೊರೆದಿದ್ದ ‘ಮೂರನೇ ಸುರಂಗ’ ನೋಡಲು ಇಲ್ಲಿಂದ ಹೊರಡುವ ಬಸ್ ಟೂರಿಗೆ ಅದು ಬೇಕೇ ಬೇಕು, ಸುಮ್ನೆ ಫೋಟೋ ತೋರಿಸಿದರೆ ಒಪ್ಪಲ್ಲ. ಸೋಮವಾರ ಆ ಟೂರೂ ಇರುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಟಿಕೆಟ್ ಮೊದಲು ಬಂದವರಿಗೆ.

ಐದಕ್ಕೆ ನಾಲ್ಕು. ಒಂದು ಕಮ್ಮಿ ಮಾಡಿದ್ದು ಆ ಆಟದ ಪಾರ್ಕಿನ ಗದ್ದಲಕ್ಕೆ.