ಸಿನಿಮಾದ ಎರಡನೇ ಭಾಗಕ್ಕೆ ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ

ಹಾಸನದಿಂದ ಮೈಸೂರಿಗೆ ವ್ಯಾನ್ ಮಾಡಿ, ಮಲ್ಟಿಪ್ಲೆಕ್ಸ್‌ನಲ್ಲಿ ಇಂಗ್ಲಿಷ್ ಸಿನಿಮಾ ತೋರಿಸಿ, ದಾರಿಯಲ್ಲಿ ತಿಂಡಿಯನ್ನೂ ಕೊಡಿಸಿ ಕರೆತರುತ್ತೇನೆ, ಎಲ್ಲ ಸೇರಿ ಒಬ್ಬರಿಗೆ 900 ರೂಪಾಯಿ ಎಂದು ಯಾರಾದರೂ ನಿಮ್ಮ ಬಳಿ ಬಂದರೆ, ಟಿಕೆಟ್ಟನ್ನು ಕಣ್ಣಾರೆ ನೋಡುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಹನ್ನೊಂದು ಜನರ ಲೆಕ್ಕದಲ್ಲಿ 9,900 ರೂಪಾಯಿ ಕೊಟ್ಟೆ. ಟಿಕೆಟ್ ನೋಡಲಿಲ್ಲ. ಟೋಪಿ ಹಾಕಿಸಿಕೊಂಡೆ. ಆತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಸ ಬಸ್ ನಿಲ್ದಾಣದ ಸುತ್ತಮುತ್ತ ಇಂಥ ವ್ಯವಹಾರ ಮಾಡುವವನು ಅವನೊಬ್ಬನೇ ಅಲ್ಲ.

ನಾನು ಮೋಸಹೋದದ್ದಕ್ಕೆ ಅರ್ಧ ಕಾರಣ ನನ್ನ ಅಭಿಮಾನವೇ. ಅನ್ಯಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ, 1996ರಲ್ಲಿ ಬಂದ ‘ಇಂಡಿಪೆಂಡೆನ್ಸ್ ಡೇ’ಯನ್ನು ನಾನು ಎಷ್ಟು ಸಲ ನೋಡಿದ್ದೇನೆಂಬುದನ್ನು ಹೇಳಿದರೆ ಮನೆಯವರು ನಗುತ್ತಾರೆ. ನಗರದಷ್ಟು ಅಗಲದ ಅವರ ಆಕಾಶಹಡಗಿನ ನೆರಳು ಬೀದಿಗಳ ಮೇಲೆ ನಿಧಾನವಾಗಿ ಜರುಗುವುದು, ಮೊದಲ ದಾಳಿ ನಡೆಯುವ ಮೊದಲು ಸುಮಾರು ಮುಕ್ಕಾಲು ಗಂಟೆ ನಮ್ಮನ್ನು ಕಾಯಿಸುವುದು, ಆಮೇಲೆ ಶ್ವೇತಭವನ ಸ್ಫೋಟಗೊಳ್ಳುವುದು, ಇವೆಲ್ಲ ನನಗೆ ಬಾಯಿಪಾಠ. ಆ ಶ್ವೇತಭವನವು ಸಣ್ಣದಾಗಿ ಕಟ್ಟಿ ನಿಜವಾಗಿಯೇ ಸಿಡಿಸಿದ ಮಾದರಿ ಎಂಬುದನ್ನು ನನ್ನ ಅಕ್ಕನ ಮಗನಿಗೆ ಹತ್ತು ಸಲವಾದರೂ ಹೇಳಿದ್ದೇನೆ. ಇಪ್ಪತ್ತು ವರ್ಷಗಳ ನಂತರ ಅದೇ ನಿರ್ದೇಶಕ ರೋಲಾಂಡ್ ಎಮ್ಮೆರಿಕ್ ‘ರಿಸರ್ಜೆನ್ಸ್’ ಎಂಬ ಎರಡನೇ ಭಾಗವನ್ನು ತಂದಾಗ, 2016ರ ಜೂನ್ 24ರ ಬಿಡುಗಡೆಗೆ ಎರಡು ವಾರ ಮೊದಲೇ ಸ್ನೇಹಿತರನ್ನೆಲ್ಲ ಒಪ್ಪಿಸಿ, ಅವರಿಂದ ಹಣ ಕೂಡಿಸಿ ಆ ವ್ಯಾನಿನವನ ಕೈಗಿಟ್ಟವನು ನಾನೇ. ಇಂಗ್ಲಿಷ್, 3ಡಿ, ನಡುವಿನ ಸಾಲು ಎಂದು ಅವನು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದ. ‘ಟಿಕೆಟ್ ಅಲ್ಲೇ ಕೊಡ್ತೀನಿ ಸಾರ್, ಟೆನ್ಷನ್ ತಗೋಬೇಡಿ’ ಎಂದಿದ್ದ.

ಮೊನ್ನೆ ಭಾನುವಾರ ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಮೈಸೂರು ತಲುಪುವಾಗ ಪ್ರದರ್ಶನಕ್ಕೆ ಹತ್ತೇ ನಿಮಿಷ ಉಳಿದಿತ್ತು. ಆತ ಟಿಕೆಟ್‌ಗಳನ್ನು ಒಟ್ಟಿಗೆ ನನ್ನ ಜೇಬಿಗೆ ತುರುಕಿ ‘ಬೇಗ ಹೋಗಿ ಸಾರ್’ ಎಂದು ಅವಸರ ಮಾಡಿದ. ಬಾಗಿಲಲ್ಲಿ ನಾನು ಕನ್ನಡಕಕ್ಕಾಗಿ ಕೈ ಚಾಚಿದೆ. ಅಲ್ಲಿದ್ದ ಹುಡುಗ ನನ್ನ ಕೈಯನ್ನು ನೋಡಿದ, ಮುಖವನ್ನು ನೋಡಿದ, ‘ಇದು 2ಡಿ ಸಾರ್, ಹಿಂದಿ’ ಎಂದ. ನನ್ನ ಹಿಂದೆ ಹತ್ತು ಜನ ನಿಂತಿದ್ದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಟಿಕೆಟ್ ಬಿಡಿಸಿ ನೋಡಿದರೆ ಪರದೆಯಿಂದ ಎರಡನೇ ಸಾಲು.

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು ‘ಸಿಸ್ಟಮ್ ಪ್ರಾಬ್ಲಮ್’ ಎಂದ. ಹುಡುಗರಿಗೆ ಹಿಂದಿ ಬರುವುದಿಲ್ಲವೆಂದು ಹೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇದು: ‘ಬಿಲ್ಡಿಂಗ್ ಬೀಳೋದಕ್ಕೆ ಭಾಷೆ ಯಾಕೆ ಸಾರ್?’

ಬೇಸರವೆಂದರೆ, ಚಿತ್ರ ನೋಡಿದ ಮೇಲೆ ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಮೊದಲ ಭಾಗವನ್ನು ಇಬ್ಬರು ಬರೆದಿದ್ದರು, ಇದಕ್ಕೆ ಐವರ ಹೆಸರಿದೆ; ಆದರೂ ವಿಲ್ ಸ್ಮಿತ್ ಮಾಡಿದ್ದ ಪಾತ್ರವನ್ನು ಕಥೆ ಶುರುವಾಗುವ ಮೊದಲೇ ಕೊಂದು, ಗೋಡೆಯ ಚಿತ್ರವಾಗಿಸಿ ಮುಗಿಸಿದ್ದಾರೆ. ಈ ಸಲದ ಹಡಗು ಸುಮಾರು 4,800 ಕಿಲೋಮೀಟರ್ ಅಗಲವಂತೆ, ತನ್ನದೇ ಗುರುತ್ವವುಳ್ಳದ್ದಂತೆ, ನಗರಗಳನ್ನೇ ಎತ್ತಿ ಇನ್ನೊಂದು ಕಡೆ ಸುರಿಯುತ್ತದಂತೆ. ಆ ಗುರುತ್ವ ಕಟ್ಟಡಗಳನ್ನು ಬೀಳಿಸುವ ದೃಶ್ಯಕ್ಕಷ್ಟೇ ಬೇಕಾಗಿತ್ತು. ಆಮೇಲೆ ಅದನ್ನು ಮರೆತರು. ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವ ಊರಿನವರು ನಾವು. 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ತನ್ನ ಜಾಗದಿಂದ ಚೂರು ಸರಿದರೂ ಸರಿಪಡಿಸುವ ಕೆಲಸ ಅಲ್ಲಿ ನಡೆಯುತ್ತದೆ ಎಂದು ತಿಳಿದ ಅಕ್ಕನ ಮಗ, ‘ಮಾವ, ಅಷ್ಟು ದೊಡ್ಡದು ಬಂದ್ರೆ ಚಂದ್ರನೂ ಜಾಗ ಬಿಡಲ್ವಾ?’ ಎಂದು ಕೇಳಿದ. ನಾನು ಸುಮ್ಮನಿರು ಎಂದೆ.

ಸುಳ್ಳು ಹೇಳಬಾರದು, ಮೆಚ್ಚಿದ ಸಂಗತಿಗಳೂ ಇವೆ. ಅನ್ಯಗ್ರಹದವರ ತಂತ್ರಜ್ಞಾನವನ್ನೇ ಬಳಸಿ ಮನುಷ್ಯರು ಮತ್ತೆ ಕಟ್ಟಿಕೊಂಡ ಜಗತ್ತು, ಚಂದ್ರನ ಮೇಲಿನ ನೆಲೆ, ಇಪ್ಪತ್ತು ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದ ವಿಜ್ಞಾನಿ ಓಕನ್ ಎದ್ದು ಕೂರುವುದು ಸೊಗಸಾಗಿವೆ. ಆಫ್ರಿಕಾದಲ್ಲಿ ಇಳಿದ ಹಡಗಿನವರೊಂದಿಗೆ ಅಲ್ಲಿನ ಜನ ವರ್ಷಗಟ್ಟಲೆ ನೆಲದ ಮೇಲೆಯೇ ಕಾದಾಡಿದರೆಂಬ ಪ್ರಸ್ತಾಪ ಬಂದಾಗ ನಾನು ಕುತ್ತಿಗೆ ನೋವನ್ನೂ ಮರೆತು ನೆಟ್ಟಗೆ ಕುಳಿತೆ. ನಿಜವಾದ ಎರಡನೇ ಭಾಗ ಅದೇ ಆಗಬೇಕಿತ್ತು! ಅದನ್ನು ನಾಲ್ಕು ಮಾತಿನಲ್ಲಿ ಮುಗಿಸಿ, ಕೊನೆಗೆ ಮರುಭೂಮಿಯಲ್ಲಿ ಶಾಲಾ ಬಸ್ಸನ್ನು ಅಟ್ಟಿಸಿಕೊಂಡು ಬರುವ ಅನ್ಯಗ್ರಹದವರ ರಾಣಿಯನ್ನು ಇಟ್ಟಿದ್ದಾರೆ.

ವಾಪಸ್ ಬರುವಾಗ ವ್ಯಾನಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೋಮವಾರ ಹಣ ಕೇಳಲು ಹೋದಾಗ ಆತ ಚಹಾ ತರಿಸಿ, ‘ಸಿನಿಮಾ ಚೆನ್ನಾಗಿಲ್ಲ ಅಂದ್ರೆ ನನ್ನ ತಪ್ಪಾ ಸಾರ್?’ ಎಂದ. ಸಿನಿಮಾದ ಮಾತಲ್ಲ, ಟಿಕೆಟ್ಟಿನ ಮಾತು ಎಂದೆ. ಸ್ವಲ್ಪ ಯೋಚಿಸಿ, ಹೇಗೂ ನೀವು ಕನ್ನಡಕ ಹಾಕಿಲ್ಲ, ಅದರ ಬಾಡಿಗೆ ಒಬ್ಬರಿಗೆ 30ರಂತೆ 330 ರೂಪಾಯಿ ವಾಪಸ್ ಕೊಡುತ್ತೇನೆ ಎಂದ. 9,900ಕ್ಕೆ 330!

ಆದ್ದರಿಂದ ಮುಂಗಡ ಕೊಡುವುದಿದ್ದರೆ ಭಾಷೆ, 3ಡಿ, ಸಾಲು ಈ ಮೂರನ್ನೂ ಟಿಕೆಟ್ಟಿನಲ್ಲೇ ಓದಿಕೊಳ್ಳಿ, ಬಾಯಿಮಾತು ನಂಬಬೇಡಿ. ಮೊದಲ ಭಾಗದ ಮೇಲೆ ಪ್ರೀತಿಯಿದ್ದವರು ಮೊದಲ ವಾರ ಕಾಯಿರಿ.

ಚಿತ್ರದ ಕೊನೆಯಲ್ಲಿ ಮುಂದಿನ ಯುದ್ಧ ನಕ್ಷತ್ರಗಳ ನಡುವೆ ಎಂಬ ಸೂಚನೆ ಕೊಟ್ಟು ಬಿಟ್ಟಿದ್ದಾರೆ. ಆತನಿಗೂ ಅದು ಯಾರಿಂದಲೋ ತಿಳಿದಿರಬೇಕು. ‘ಮೂರನೇ ಪಾರ್ಟ್‌ಗೆ ನಿಮ್ಮ ಹೆಸರು ಬರ್ಕೊಳ್ಲಾ ಸಾರ್, ಈ ಸಲ ಪಕ್ಕಾ 3ಡಿ’ ಎಂದು ನಿನ್ನೆ ವಾಟ್ಸ್ಆ್ಯಪ್ ಮಾಡಿದ್ದಾನೆ. ಆ 330 ರೂಪಾಯಿ ಇನ್ನೂ ಬಂದಿಲ್ಲ.