ಪಾಂಬನ್ ಸೇತುವೆ: ಎಸಿ ಬೋಗಿಯೋ, ಆಟೋನೋ, ಜನರಲ್ಲೋ?

ಮೊದಲೇ ಹೇಳಿಬಿಡುತ್ತೇನೆ. ರಾಮೇಶ್ವರ ದ್ವೀಪಕ್ಕೆ ಸಮುದ್ರದ ಮೇಲೆ ಹಾಯುವ ಪಾಂಬನ್ ರೈಲು ಸೇತುವೆ ನೋಡಬೇಕಿದ್ದರೆ ಹಗಲಿನ ಪ್ಯಾಸೆಂಜರ್ ರೈಲು, ಜನರಲ್ ಬೋಗಿ, ಕಿಟಕಿ ಪಕ್ಕದ ಸೀಟು. ಆಯಿಯನ್ನು ಕರೆದುಕೊಂಡು ಶಿರಸಿಯಿಂದ ರಾಮೇಶ್ವರಕ್ಕೆ ಹೋದಾಗ ಇಷ್ಟು ತಿಳಿಯಲು ಮೂರು ಬಗೆ ಮಾಡಿ ನೋಡಬೇಕಾಯಿತು.

ಹೋಗುವಾಗ ಚೆನ್ನೈನಿಂದ ರಾತ್ರಿ ರೈಲು. ಆಯಿಗೆ ಮಂಡಿ ನೋವು, ಹಾಗಾಗಿ ಥರ್ಡ್ ಎಸಿ ಮಾಡಿಸಿದ್ದೆ. ಕಿಟಕಿ ಪಕ್ಕವೇ ಸಿಕ್ಕಿತ್ತು ಅಂತ ಖುಷಿ ಬೇರೆ. ಸೇತುವೆಗೆ ಮೊದಲಿನ ಸ್ಟೇಷನ್ ಮಂಡಪಂ ಬಂದದ್ದೇ ಆಯಿಯನ್ನು ಎಬ್ಬಿಸಿ ಕೂರಿಸಿದೆ. ಬೆಳಕು ಹರಿದಿತ್ತು. ಕಿಟಕಿ ಮಾತ್ರ ಮಜ್ಜಿಗೆ ಎರಚಿದ ಹಾಗೆ ಬೆಳ್ಳಗಿತ್ತು.

ಆಯಿ ಸೆರಗಿನಿಂದ ಒರೆಸಿದಳು. ನಾನು ಟವೆಲಿನಿಂದ ಉಜ್ಜಿದೆ. ಒಂದು ಚೂರೂ ಹೋಗಲಿಲ್ಲ. ಆಮೇಲೆ ಹೊಳೆಯಿತು. ರಾತ್ರಿಯಿಡೀ ಒಳಗೆ ಎಸಿಯ ಚಳಿ, ಹೊರಗೆ ಸಮುದ್ರದ ಹಸಿ ಗಾಳಿ. ನೀರು ಕೂತದ್ದು ಗಾಜಿನ ಆಚೆ ಮೈಗೆ! ಒಳಗೆ ಎಷ್ಟು ಉಜ್ಜಿದರೇನು? ತೆರೆಯೋಣ ಎಂದರೆ ಆ ಕಿಟಕಿ ತೆರೆಯುವುದಲ್ಲ. ಬಾಗಿಲಿಗೆ ಓಡಿದೆ. ಇನ್ನೇನು ರಾಮೇಶ್ವರ ಬಂತು ಅಂತ ಅಲ್ಲಿ ಆಗಲೇ ಸೂಟ್‌ಕೇಸುಗಳ ಗೋಡೆ ಎದ್ದಿತ್ತು.

"ಸಮುದ್ರ ಎಲ್ಲಿದ್ದು ತಮಾ? ಎಂತದೂ ಕಾಣ್ತಿಲ್ಲೆ," ಅಂದಳು ಆಯಿ. ಅಷ್ಟರಲ್ಲಿ ಸೇತುವೆ ಮುಗಿದೇ ಹೋಯಿತು. 1914ರ ಹಳೆ ಸೇತುವೆಯ ಮೇಲೆ ರೈಲು ತೆವಳುತ್ತಿತ್ತು. 2025ರ ಏಪ್ರಿಲ್ 6ಕ್ಕೆ ಶುರುವಾದ ಹೊಸದರ ಮೇಲೆ ಅಷ್ಟು ನಿಧಾನ ಇಲ್ಲ. ಪ್ರಯಾಣಕ್ಕೆ ಒಳ್ಳೆಯದೇ, ನೋಡಲು ಬಂದವರಿಗೆ ಲುಕ್ಸಾನು.

ಮರುದಿನ ಆಟೋ ಮಾಡಿಕೊಂಡು ಪಕ್ಕದ ರಸ್ತೆ ಸೇತುವೆಗೆ ಹೋದೆವು. ಇದು 1988ರದ್ದು, ಎತ್ತರದಲ್ಲಿದೆ. ಮೇಲಿಂದ ನೋಡಿದರೆ ರೈಲು ಸೇತುವೆ ನೀರಿಗೆ ಅಡ್ಡ ಹಾಕಿದ ಉದ್ದನೆಯ ಸಂಕದ ಹಾಗೆ ಕಾಣುತ್ತದೆ. ಹಡಗಿಗೆ ದಾರಿ ಬಿಡಲು ನಡುವಿನ 72.5 ಮೀಟರ್ ಭಾಗ ಲಿಫ್ಟಿನಂತೆ ನೇರ ಮೇಲೇಳುತ್ತದಲ್ಲ, ಅದರ ಎರಡು ಗೋಪುರಗಳೂ ಇಲ್ಲಿಂದ ಚಂದ. ಫೋಟೋ ಬೇಕಿದ್ದವರಿಗೆ ಇದೇ ಜಾಗ. ಆದರೆ ಇಳಿದು ಐದು ನಿಮಿಷ ಆಗಿರಲಿಲ್ಲ, ಗಾಡಿ ತೆಗೆಯಿರಿ ಅಂತ ಪೊಲೀಸರ ಸೀಟಿ. ಆಟೋದವನಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಾಪಸ್ಸು ಮಧುರೈಗೆ ಪ್ಯಾಸೆಂಜರ್. ಟಿಕೆಟಿನ ದುಡ್ಡು ಎಸಿಯ ಮುಂದೆ ಲೆಕ್ಕಕ್ಕೇ ಇಲ್ಲ. ಒಂದು ತಾಸು ಮೊದಲೇ ಹೋಗಿ ಕಿಟಕಿ ಹಿಡಿದೆವು. ಯಾವ ಬದಿಯಾದರೂ ಅಡ್ಡಿಯಿಲ್ಲ, ಎರಡೂ ಕಡೆ ನೀರೇ.

ಹೊನ್ನಾವರದ ಶರಾವತಿ ರೈಲು ಸೇತುವೆಯೂ ಹೀಗೇ 2 ಕಿ.ಮೀ.ಗಿಂತ ಉದ್ದ ಇದೆ. ನೂರು ಸಲ ದಾಟಿದ್ದೇನೆ, ಇದರಲ್ಲಿ ಹೊಸತೇನು ಅಂದುಕೊಂಡಿದ್ದೆ. ಅಲ್ಲಿ ತೆಂಗಿನ ಮರಗಳ ದಂಡೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇಲ್ಲಿ ಕಿಟಕಿಯಿಂದ ಬಗ್ಗಿದರೆ ಸೀದಾ ನೀರು. ಉಪ್ಪು ಗಾಳಿ ಮುಖಕ್ಕೆ ಹೊಡೆಯುತ್ತದೆ. ಆಯಿ ಸರಳಿನ ಸಂದಿಯಿಂದ ಒಂದು ರೂಪಾಯಿ ಎಸೆದು ಕೈ ಮುಗಿದಳು.

ನಮ್ಮ ಕೊಂಕಣ ರೈಲು ಕಟ್ಟಿಸಿದ ಇ. ಶ್ರೀಧರನ್ ಅವರೇ 1964ರ ಚಂಡಮಾರುತಕ್ಕೆ ಕಿತ್ತುಹೋದ ಹಳೆ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ರಿಪೇರಿ ಮಾಡಿಸಿದವರು. ಆ ಗಾಳಿಯಲ್ಲಿ ಕೂತು ಹೇಳಿದೆ. ಆಯಿಗೆ ಅರ್ಧ ಕೇಳಿಸಲಿಲ್ಲ.

ಜನರಲ್ಲಿನಲ್ಲಿ ತೊಂದರೆ ಇಲ್ಲ ಅಂತಲ್ಲ. ಮಧುರೈ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದಿತ್ತು. ಘಟ್ಟದ ಬಸ್ಸಲ್ಲಿ ನಿಂತೇ ಓಡಾಡಿದ ನನಗೆ ಅದು ದೊಡ್ಡದಲ್ಲ. ಇನ್ನೊಮ್ಮೆ ಹೋದರೆ ಮಧುರೈವರೆಗೆ ರಾತ್ರಿ ರೈಲಲ್ಲಿ ಮಲಗಿ ಹೋಗಿ, ಅಲ್ಲಿಂದ ಬೆಳಗಿನ ಪ್ಯಾಸೆಂಜರ್ ಹತ್ತುವುದು. ಆಯಿಯೂ ಬರುತ್ತೇನೆ ಅಂದಿದ್ದಾಳೆ, ಕೂರಲು ಮನೆಯಿಂದ ದಿಂಬು ತಂದರೆ ಮಾತ್ರ.