ಕಂಪನಿ ಜೋಳವೋ, ಕೃಷಿ ವಿವಿ ರಾಗಿಯೋ?

ಲಾಭ ಇದ್ದರೆ ಮಾತ್ರ ಹೊಸ ತಳಿ ಹುಟ್ಟುತ್ತದೆ ಅನ್ನುತ್ತಾರೆ. ಮುಸುಕಿನ ಜೋಳದಲ್ಲಿ ಅದು ನಿಜ. ಎರಡು ತಳಿ ಬೆರೆಸಿ ಪಡೆದ ಮೊದಲ ಪೀಳಿಗೆಯ ಬೀಜವೇ ಹೈಬ್ರಿಡ್; ಅದರ ಫಸಲಿನ ಕಾಳನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಇಳುವರಿ ಬೀಳುತ್ತದೆ, ಪ್ರತಿವರ್ಷ ಕೊಳ್ಳಲೇಬೇಕು, ಹಾಗಾಗಿ ಕಂಪನಿಗಳು ಪೈಪೋಟಿಗೆ ಬಿದ್ದು ಹೊಸದನ್ನು ತರುತ್ತವೆ. ಬೀಜ ದುಬಾರಿ, ಆದರೆ ನೀರು ಗೊಬ್ಬರ ಇದ್ದರೆ ಫಸಲೂ ಜಾಸ್ತಿ.

ರಾಗಿ ಹಾಗಲ್ಲ. ಅದರ ಹೂ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ, ಮಾರಾಟಕ್ಕೆ ಬೇಕಾದಷ್ಟು ಹೈಬ್ರಿಡ್ ಬೀಜ ಮಾಡುವುದು ಕಷ್ಟ, ಒಮ್ಮೆ ತಂದ ಬೀಜವನ್ನೇ ರೈತರು ಕೆಲವು ವರ್ಷ ಬಿತ್ತುತ್ತಾರೆ. ಇದರಲ್ಲಿ ಕಂಪನಿಗೆ ಏನು ಸಿಗುತ್ತದೆ ಹೇಳಿ? ಇಲ್ಲಿ ದುಡಿದವರು ಸರ್ಕಾರಿ ಸಂಬಳದ ವಿಜ್ಞಾನಿಗಳು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಸೇರಿ ಆ ಹೆಸರು! ಆಮೇಲೆ ಬೆಂಗಳೂರು ಕೃಷಿ ವಿವಿಯಿಂದ ಬೆಂಕಿ ರೋಗ ತಡೆಯುವ ಜಿಪಿಯು-28 ಬಂತು. ಬರೀ ಲಾಭ ನೋಡಿದ್ದರೆ ಇವು ಹುಟ್ಟುತ್ತಲೇ ಇರಲಿಲ್ಲ ಅಲ್ವಾ?

ಮಳೆ ನಂಬಿದ ಹೊಲ, ಕೈಯಲ್ಲಿ ದುಡ್ಡು ಕಮ್ಮಿ ಅಂದರೆ ಯೋಚಿಸದೆ ವಿವಿ ರಾಗಿ ಹಾಕಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನೀರಾವರಿ ಇದ್ದು ಮಾರಾಟಕ್ಕೇ ಬೆಳೆಯುವುದಾದರೆ ಕಂಪನಿ ಜೋಳ ಸರಿ. ಬಿಲ್ ಮತ್ತು ಚೀಲದ ಚೀಟಿ ಮಾತ್ರ ಸುಮ್ನೆ ಬಿಸಾಡಬೇಡಿ, ಮೊಳಕೆ ಬರದಿದ್ದರೆ ಪರಿಹಾರ ಕೇಳಲು ಅವೇ ಆಧಾರ.